ಕುಡಿತ ಬಿಟ್ಟು ಮನೆಗೆ ಬಂದ ಮೇಲೆ

ಮೊದಲು ಒಂದು ಸಣ್ಣ ಲೆಕ್ಕವನ್ನು ಮಾಡೋಣ. ಮದ್ಯದ ಅಂಗಡಿಗಳಲ್ಲಿ ‘ಕ್ವಾರ್ಟರ್’ ಎಂದು ಕರೆಯುವ ಸೀಸೆಯಲ್ಲಿ 180 ಮಿಲಿಲೀಟರು ಮದ್ಯವಿರುತ್ತದೆ. ವಿಸ್ಕಿ, ಬ್ರಾಂದಿ, ರಮ್ಮುಗಳ ಸೀಸೆಯ ಚೀಟಿಯ ಮೇಲೆ, ಗಾತ್ರದಲ್ಲಿ ನೂರಕ್ಕೆ 42.8 ಪಾಲು ಮದ್ಯಸಾರವೆಂದು ಸಾಮಾನ್ಯವಾಗಿ ಅಚ್ಚು ಮಾಡಿರುತ್ತಾರೆ. ಆದುದರಿಂದ ಆ ಸೀಸೆಯಲ್ಲಿರುವ ಶುದ್ಧ ಮದ್ಯಸಾರ ಸುಮಾರು 77 ಮಿಲಿಲೀಟರು. ಮದ್ಯಸಾರದ ಸಾಂದ್ರತೆ ನೀರಿನದಕ್ಕಿಂತ ಕಡಿಮೆ. ಒಂದು ಮಿಲಿಲೀಟರಿಗೆ 0.79 ಗ್ರಾಂ. ಗುಣಿಸಿದರೆ ಸುಮಾರು 61 ಗ್ರಾಂ ಬರುತ್ತದೆ.

ಈ ಮದ್ಯಸಾರದ ಬಹುಭಾಗವನ್ನು ದೇಹದಿಂದ ತೊಲಗಿಸುವ ಕೆಲಸ ಯಕೃತ್ತಿನದು. ಅಲ್ಲಿಯ ಒಂದು ಕಿಣ್ವವು ಮದ್ಯಸಾರವನ್ನು ಅಸಿಟಾಲ್ಡಿಹೈಡ್ ಎಂಬ ವಿಷವಸ್ತುವನ್ನಾಗಿ ಮಾಡುತ್ತದೆ. ಇನ್ನೊಂದು ಕಿಣ್ವವು ಆ ವಿಷವನ್ನು ನಿರುಪದ್ರವಿಯಾದ ಅಸಿಟೇಟನ್ನಾಗಿ ಮಾರ್ಪಡಿಸುತ್ತದೆ. ರೇಡಿಯಂ ಮುಂತಾದ ವಿಕಿರಣಶೀಲ ವಸ್ತುಗಳು ಇಂತಿಷ್ಟು ಕಾಲಕ್ಕೆ ಅರ್ಧ, ಮತ್ತೆ ಅಷ್ಟೇ ಕಾಲಕ್ಕೆ ಉಳಿದುದರಲ್ಲಿ ಅರ್ಧ ಎಂಬ ಕ್ರಮದಲ್ಲಿ ಕ್ಷಯಿಸುವುದನ್ನು ನೀವು ತರಗತಿಯಲ್ಲಿ ಕಲಿತಿದ್ದೀರಿ. ಮದ್ಯಸಾರದ ಕ್ರಮ ಹಾಗಲ್ಲ. ಕಿಣ್ವಗಳು ತಮ್ಮ ಶಕ್ತಿಯಿದ್ದಷ್ಟೂ ದುಡಿಯುತ್ತಿರುವುದರಿಂದ, ಕುಡಿದದ್ದು ಹೆಚ್ಚಿರಲಿ ಕಡಿಮೆಯಿರಲಿ, ಗಂಟೆಗೆ ಸುಮಾರು 7ರಿಂದ 10 ಗ್ರಾಮಿನಂತೆ ಒಂದೇ ವೇಗದಲ್ಲಿ ಅದು ಕರಗುತ್ತದೆ. ಸಣ್ಣಗೆ ತೆರೆದಿಟ್ಟ ನಲ್ಲಿಯಿಂದ ತೊಟ್ಟಿ ಖಾಲಿಯಾಗುವಂತೆ ಎನ್ನಬಹುದು. ತಣ್ಣೀರಿನ ಸ್ನಾನವಾಗಲಿ, ಮಜ್ಜಿಗೆಯಾಗಲಿ, ನಿಂಬೆಹಣ್ಣಾಗಲಿ ಈ ವೇಗವನ್ನು ಹೆಚ್ಚಿಸಲಾರವು. ನಮ್ಮ 61 ಗ್ರಾಂ ಕರಗಲು 6ರಿಂದ 9 ಗಂಟೆಗಳು ಸಾಕು. ಎಷ್ಟೇ ಕುಡಿದಿದ್ದರೂ ಒಂದೆರಡು ದಿನಗಳಲ್ಲಿ ದೇಹದಲ್ಲಿ ಮದ್ಯಸಾರ ಉಳಿಯುವುದಿಲ್ಲ.

ಹೀಗಿರಲು, ಚಿಕಿತ್ಸಾಲಯದಲ್ಲಿ ಒಂದು ತಿಂಗಳಿದ್ದು ಮನೆಗೆ ಮರಳಿದವನ ರಕ್ತದಲ್ಲಿ ಮದ್ಯವಿಲ್ಲವೆಂಬುದು ಸ್ಪಷ್ಟ. ರೋಗಕಾರಣವೇ ಹೋಯಿತಲ್ಲ, ಇನ್ನು ಮನೆಯಲ್ಲಿ ಸುಖಶಾಂತಿಗಳು ತಾವಾಗಿಯೇ ನೆಲೆಸುವುವೆಂದು ಬಂಧುಗಳು ಭಾವಿಸುವುದು ಸಹಜ. ಆದರೆ ನಡೆಯುವುದು ಬೇರೆ. ಅದೇಕೆ?

ಈ ಪ್ರಶ್ನೆಯನ್ನು ನಾನು ಪುಸ್ತಕದಿಂದ ಎತ್ತಿಕೊಂಡದ್ದಲ್ಲ. ನಮ್ಮ ಯಜಮಾನರು ಕಳೆದ ಜೂನ್ ತಿಂಗಳಲ್ಲಿ ಇಂತಹ ಒಂದು ಚಿಕಿತ್ಸಾಲಯದಿಂದ ಮನೆಗೆ ಬಂದರು. ಅಲ್ಲಿಂದ ಇಲ್ಲಿಗೆ ಒಂಬತ್ತು ತಿಂಗಳಾಗಿವೆ. ಅವರು ಈ ಲೇಖನವನ್ನು ಓದಿ, ಎರಡು ಕಡೆ ತಿದ್ದಿ, ಪ್ರಕಟಿಸಲು ಒಪ್ಪಿದ್ದಾರೆ. ನನ್ನ ವಿದ್ಯಾರ್ಥಿಗಳೂ ಇದನ್ನು ಓದುವರೆಂದು ತಿಳಿದೇ ಬರೆಯುತ್ತಿದ್ದೇನೆ. 2019ರಲ್ಲಿ ಕೇಂದ್ರ ಸರ್ಕಾರವು ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಸುಮಾರು 16 ಕೋಟಿ ಜನರು ಮದ್ಯಪಾನ ಮಾಡುತ್ತಾರೆ. ಅವರಲ್ಲಿ 5 ಕೋಟಿಗೂ ಹೆಚ್ಚು ಮಂದಿಗೆ ಅದರಿಂದ ನೆರವು ಬೇಕಾಗುವಷ್ಟು ತೊಂದರೆಯಾಗಿದೆ. ಮದ್ಯಕ್ಕೆ ಅಧೀನರಾದವರಲ್ಲಿ ಯಾವುದಾದರೂ ಚಿಕಿತ್ಸೆ ದೊರೆತವರು 38ರಲ್ಲಿ ಒಬ್ಬರು ಮಾತ್ರ. ಐವತ್ತು ಮಂದಿಯ ನನ್ನ ತರಗತಿಯಲ್ಲಿ ಈ ಸಂಖ್ಯೆಗಳು ತಮ್ಮ ಮನೆಯವೇ ಎಂದು ಬಲ್ಲವರು ಕೆಲವರಾದರೂ ಇರಲೇಬೇಕು.

ಮಿದುಳಿನ ತಕ್ಕಡಿ

ಮಿದುಳಿನಲ್ಲಿ ನರಕೋಶಗಳು ರಾಸಾಯನಿಕ ವಸ್ತುಗಳ ಮೂಲಕ ಒಂದಕ್ಕೊಂದು ಸುದ್ದಿ ಕಳುಹಿಸುತ್ತವೆ. ಅವುಗಳಲ್ಲಿ ಎರಡನ್ನು ಇಲ್ಲಿ ಹೆಸರಿಸಿದರೆ ಸಾಕು. ಗ್ಲುಟಮೇಟ್ ಎಂಬುದು ನರಕೋಶಗಳನ್ನು ಉದ್ರೇಕಗೊಳಿಸುತ್ತದೆ. ಗಾಬಾ ಎಂಬುದು ಅವುಗಳನ್ನು ಶಮನಗೊಳಿಸುತ್ತದೆ. ಇವೆರಡನ್ನೂ ಒಂದು ತಕ್ಕಡಿಯ ಎರಡು ತಟ್ಟೆಗಳೆಂದು ಕಲ್ಪಿಸಿಕೊಳ್ಳಿ. ತಟ್ಟೆಗಳು ಸಮನಾಗಿರುವಾಗ ಮನುಷ್ಯನು ಎಚ್ಚರವಾಗಿಯೂ ಶಾಂತನಾಗಿಯೂ ಇರುತ್ತಾನೆ.

ಮದ್ಯವು ಗಾಬಾದ ಪ್ರಭಾವವನ್ನು ಹೆಚ್ಚಿಸುತ್ತದೆ, ಗ್ಲುಟಮೇಟಿನ ಪ್ರಭಾವವನ್ನು ತಗ್ಗಿಸುತ್ತದೆ. ಶಮನದ ತಟ್ಟೆಯ ಮೇಲೆ ಯಾರೋ ಒಂದು ಕಲ್ಲನ್ನಿಟ್ಟಂತಾಗುತ್ತದೆ. ಎಂದೋ ಒಂದು ದಿನ ಹೀಗಾದರೆ ತಕ್ಕಡಿ ಒಮ್ಮೆ ವಾಲಿ ಮತ್ತೆ ನೆಟ್ಟಗಾಗುತ್ತದೆ. ಆದರೆ ದಿನವೂ, ವರ್ಷಗಟ್ಟಲೆ, ಅದೇ ಹೊತ್ತಿಗೆ ಅದೇ ಕಲ್ಲು ಬಂದು ಬೀಳುತ್ತಿದ್ದರೆ ಮಿದುಳು ಸುಮ್ಮನಿರುವುದಿಲ್ಲ. ಅದು ಗಾಬಾಕ್ಕೆ ಓಗೊಡುವ ಗ್ರಾಹಕಗಳನ್ನು ಮಂದಗೊಳಿಸಿ, ಗ್ಲುಟಮೇಟಿಗೆ ಓಗೊಡುವ ಗ್ರಾಹಕಗಳನ್ನು ಹೆಚ್ಚಿಸಿ, ಎದುರು ತಟ್ಟೆಯಲ್ಲಿ ತಾನೂ ಕಲ್ಲುಗಳನ್ನು ಪೇರಿಸುತ್ತದೆ. ಹೀಗೆ ಮದ್ಯವಿದ್ದಾಗಲೇ ತಕ್ಕಡಿ ಸಮನಾಗಿರುವ ಸ್ಥಿತಿ ಉಂಟಾಗುತ್ತದೆ. ಕುಡಿಯದೆ ಕೈ ನಡುಗುವವನು ಕುಡಿದೊಡನೆ ನೆಟ್ಟಗೆ ಬರೆಯಬಲ್ಲವನಾಗುವುದು ಈ ಕಾರಣದಿಂದಲೇ.

ಈಗ ಮದ್ಯದ ಕಲ್ಲನ್ನು ಒಮ್ಮೆಲೇ ಎತ್ತಿಬಿಟ್ಟರೆ ಏನಾದೀತು? ಉದ್ರೇಕದ ತಟ್ಟೆ ಧೊಪ್ಪನೆ ಕೆಳಕ್ಕೆ ಬೀಳುತ್ತದೆ. ಕೊನೆಯ ಬಾರಿ ಕುಡಿದ 6ರಿಂದ 24 ಗಂಟೆಗಳೊಳಗೆ ನಡುಕ, ಬೆವರು, ಎದೆಬಡಿತ ಕಾಣಿಸಿಕೊಳ್ಳುತ್ತವೆ; ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಸೆಳವು ಬರಬಹುದು; ಎರಡರಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಇಲ್ಲದ ರೂಪಗಳು ಕಂಡು, ಹೊತ್ತುಗೊತ್ತು ತಿಳಿಯದೆ, ಸನ್ನಿಯೇ ಹಿಡಿಯಬಹುದು. ಚಿಕಿತ್ಸೆಯಿಲ್ಲದಿದ್ದರೆ ಇದರಿಂದ ಪ್ರಾಣಕ್ಕೇ ಅಪಾಯ. ಆದುದರಿಂದ ಬಹುಕಾಲ ಹೆಚ್ಚಾಗಿ ಕುಡಿದವರನ್ನು ಕೋಣೆಯಲ್ಲಿ ಕೂಡಿಹಾಕಿ ಕುಡಿತ ಬಿಡಿಸುವ ಸಾಹಸವನ್ನು ಯಾರೂ ಮಾಡಬಾರದು. ವೈದ್ಯರು ಈ ದಿನಗಳಲ್ಲಿ ತಕ್ಕ ಔಷಧಿಗಳಿಂದ ತಕ್ಕಡಿಯನ್ನು ಹಿಡಿದಿದ್ದು ಮೆಲ್ಲನೆ ಇಳಿಸುತ್ತಾರೆ. ಥಯಾಮಿನ್ ಎಂಬ ಬಿ ವಿಟಮಿನ್ನನ್ನೂ ಕೊಡುತ್ತಾರೆ. ಅದರ ಕೊರತೆಯಿಂದ ನೆನಪಿನ ಶಕ್ತಿಗೆ ತೀರದ ಹಾನಿಯಾಗುವುದುಂಟು.

ಅಪಾಯದ ಈ ವಾರ ಕಳೆದರೂ ಎದುರು ತಟ್ಟೆಯ ಕಲ್ಲುಗಳೆಲ್ಲ ತೆಗೆಯಲ್ಪಟ್ಟಿರುವುದಿಲ್ಲ. ವರ್ಷಗಳ ಕಾಲ ಪೇರಿಸಿದ್ದನ್ನು ಮಿದುಳು ತಿಂಗಳುಗಟ್ಟಲೆ ಒಂದೊಂದಾಗಿ ಇಳಿಸುತ್ತದೆ. ನಿದ್ರೆ ಬಾರದಿರುವುದು, ಸಣ್ಣ ಮಾತಿಗೆ ಕೆರಳುವುದು, ಯಾವುದರಲ್ಲಿಯೂ ರುಚಿ ಹತ್ತದಿರುವುದು ಈ ಕಾಲದ ಲಕ್ಷಣಗಳು. ಕೊನೆಯದಕ್ಕೆ ಇನ್ನೊಂದು ಕಾರಣವೂ ಇದೆ. 1954ರಲ್ಲಿ ಕೆನಡಾದಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಎಂಬವರು ಇಲಿಯ ಮಿದುಳಿನ ಕೆಲವು ಭಾಗಗಳಿಗೆ ಸೂಕ್ಷ್ಮ ವಿದ್ಯುತ್ತನ್ನು ಹಾಯಿಸಿದಾಗ, ಇಲಿಯು ಅದನ್ನು ಮತ್ತೆ ಮತ್ತೆ ಪಡೆಯಲು ತಾನೇ ಸನ್ನೆಯನ್ನು ಒತ್ತುತ್ತಿರುವುದನ್ನು ಕಂಡರು. ಸಂತೋಷದ ಈ ಮಾರ್ಗದಲ್ಲಿ ಡೋಪಮೀನ್ ಎಂಬ ವಸ್ತು ಮುಖ್ಯವೆಂದು ಆಮೇಲೆ ತಿಳಿಯಿತು. ಬಹುಕಾಲ ಮದ್ಯದಿಂದ ಬಡಿಸಿಕೊಂಡ ಈ ಮಾರ್ಗ ಮರಗಟ್ಟಿರುತ್ತದೆ. ಮಗಳು ಬಹುಮಾನ ತಂದು ತೋರಿಸಿದರೂ ಅವರ ಮುಖದಲ್ಲಿ ನಗು ತಡವಾಗಿ ಬರುತ್ತಿದ್ದುದನ್ನು ಕಂಡು, ‘ಮಗುವಿನ ಮೇಲೂ ಪ್ರೀತಿಯಿಲ್ಲವೆ!’ ಎಂದು ನಾನು ಒಳಗೇ ಕುದಿದದ್ದುಂಟು. ಅದು ಪ್ರೀತಿಯ ಕೊರತೆಯಾಗಿರಲಿಲ್ಲವೆಂದು ಈಗ ತಿಳಿದಿದ್ದೇನೆ.

ಇದರಲ್ಲಿ ಆಶೆಗೂ ಎಡೆಯಿದೆ. ಭೌತವಿಜ್ಞಾನದ ಅಧ್ಯಾಪಕರಾಗಿದ್ದ ಅಲನ್ ಕಾರ್ಮಾಕ್ ಮತ್ತು ಎಂಜಿನಿಯರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಇವರ ಶ್ರಮದಿಂದ, ಕ್ಷಕಿರಣಗಳ ಮೂಲಕ ಮಿದುಳಿನ ಅಡ್ಡಸೀಳಿನ ಚಿತ್ರ ತೆಗೆಯುವ ಯಂತ್ರ ಬಂದಿತು. ಅದರ ನೆರವಿನಿಂದ ಕೆನಡಾದ ಸಂಶೋಧಕರು 1978ರಲ್ಲಿ ಒಂದು ಸಂಗತಿಯನ್ನು ತೋರಿಸಿದರು: ಕುಡಿತದಿಂದ ಕುಗ್ಗಿದಂತೆ ಕಾಣುವ ಮಿದುಳು, ಕುಡಿತ ಬಿಟ್ಟ ಕೆಲವರಲ್ಲಿ ಒಂದಷ್ಟು ಮಟ್ಟಿಗೆ ಮತ್ತೆ ತುಂಬಿಕೊಳ್ಳುತ್ತದೆ.

ಹಳೆಯ ಗಂಟೆಯ ಸದ್ದು

ರಷ್ಯದ ವಿಜ್ಞಾನಿ ಪಾವ್ಲೋವನ ನಾಯಿಗಳ ಪ್ರಯೋಗವನ್ನು ಕೇಳದ ವಿದ್ಯಾರ್ಥಿಗಳು ವಿರಳ. ಆಹಾರಕ್ಕೆ ಮುಂಚೆ ಒಂದು ಸದ್ದನ್ನು ಕೇಳಿಸುತ್ತಾ ಬಂದರೆ, ಕಡೆಗೆ ಬರಿಯ ಸದ್ದಿಗೇ ನಾಯಿಯ ಬಾಯಲ್ಲಿ ನೀರೂರುತ್ತದೆ. ಆದರೆ ಈ ಪ್ರಯೋಗದ ಉತ್ತರಾರ್ಧವನ್ನು ಅನೇಕರು ಮರೆಯುತ್ತಾರೆ. ಸದ್ದು ಮಾಡಿ ಆಹಾರ ಕೊಡದೆ ಬಂದರೆ ನೀರೂರುವುದು ನಿಲ್ಲುತ್ತದೆ. ಸ್ವಲ್ಪ ಕಾಲ ಬಿಟ್ಟು ಮತ್ತೆ ಸದ್ದು ಮಾಡಿದರೆ, ನಿಂತುಹೋಗಿದ್ದುದು ಪುನಃ ಕಾಣಿಸಿಕೊಳ್ಳುತ್ತದೆ! ಎಂದರೆ ಹಳೆಯ ಪಾಠ ಅಳಿಸಿಹೋಗಿರಲಿಲ್ಲ. ಅದರ ಮೇಲೆ ಹೊಸ ಪಾಠವೊಂದು ಬರೆಯಲ್ಪಟ್ಟಿತ್ತು, ಅಷ್ಟೆ.

ಚಿಕಿತ್ಸಾಲಯದಲ್ಲಿ ಹಳೆಯ ಸದ್ದುಗಳಿರುವುದಿಲ್ಲ. ಮನೆಯಲ್ಲಿ ಎಲ್ಲವೂ ಇವೆ. ಸಂಜೆ ಏಳು ಗಂಟೆ, ಹಿತ್ತಿಲ ಕಡೆಯ ಕುರ್ಚಿ, ಉಪ್ಪುಖಾರ ಹಾಕಿ ಹುರಿದ ಕಡಲೆಕಾಯಿ ಬೀಜ, ಸೋಡಾ ಸೀಸೆಯ ಬಿರಡೆ ತೆಗೆದ ಸದ್ದು, ಸಂಬಳದ ದಿನ, ಇವುಗಳಲ್ಲಿ ಪ್ರತಿಯೊಂದೂ ಪಾವ್ಲೋವನ ಗಂಟೆಯೇ. ಮನೆಗೆ ಬಂದ ಮೊದಲ ವಾರದಲ್ಲಿಯೇ ನಾವು ಆ ಕುರ್ಚಿಯನ್ನು ಅಟ್ಟಕ್ಕೆ ಹಾಕಿದೆವು. ಏಳು ಗಂಟೆಗೆ ಅವರು ಮಗಳೊಡನೆ ಕೆರೆಯ ಏರಿಯ ಮೇಲೆ ನಡೆದುಬರುವ ರೂಢಿ ಮಾಡಿದರು. ಕಛೇರಿಯಿಂದ ಬರುವ ದಾರಿಯನ್ನೂ ಬದಲಿಸಿಕೊಂಡರು. ಎರಡು ಕಿಲೋಮೀಟರು ಸುತ್ತಾದರೂ ಆ ದಾರಿಯಲ್ಲಿ ಹಳೆಯ ಅಂಗಡಿಯಿಲ್ಲ. ನೋಡುವವರಿಗೆ ಇವು ಹುಡುಗಾಟವಾಗಿ ಕಂಡಾವು. ನೆನಪಿನ ಯಂತ್ರದ ರಚನೆಯನ್ನು ತಿಳಿದವರಿಗೆ ಹಾಗೆ ಕಾಣವು.

1971ರಲ್ಲಿ ಅಮೆರಿಕದ ಹಂಟ್, ಬಾರ್ನೆಟ್ ಮತ್ತು ಬ್ರಾಂಚ್ ಎಂಬ ಮೂವರು ಹೆರಾಯಿನ್, ತಂಬಾಕು, ಮದ್ಯ ಇವುಗಳ ಚಟಕ್ಕೆ ಚಿಕಿತ್ಸೆ ಪಡೆದವರ ಲೆಕ್ಕಗಳನ್ನು ಒಟ್ಟುಗೂಡಿಸಿ ಆಲೇಖಗಳನ್ನು ಬರೆದರು. ಮೂರು ರೇಖೆಗಳೂ ಹೆಚ್ಚುಕಡಿಮೆ ಒಂದೇ ಆಕಾರದವು. ಅರ್ಧಕ್ಕಿಂತ ಹೆಚ್ಚು ಮಂದಿ ಮೊದಲ ಮೂರು ತಿಂಗಳಲ್ಲಿಯೇ ಹಿಂದಿನ ಚಟಕ್ಕೆ ಮರಳಿದ್ದರು. ಅನಂತರ ರೇಖೆ ಇಳಿಯುವುದು ನಿಧಾನವಾಗಿ, ಕ್ರಮೇಣ ಸಮತಲಕ್ಕೆ ಸಮೀಪಿಸುತ್ತಿತ್ತು. ವಿಕಿರಣಶೀಲ ಪರಮಾಣುವಿಗೆ ವಯಸ್ಸಾದಷ್ಟೂ ಅದು ಒಡೆಯುವ ಸಂಭವ ಬದಲಾಗುವುದಿಲ್ಲ. ಇಲ್ಲಿಯಾದರೋ, ದಿನಗಳು ಕಳೆದಂತೆಲ್ಲ ಮರಳುವ ಸಂಭವವೇ ಕಡಿಮೆಯಾಗುತ್ತ ಹೋಗುತ್ತದೆ. ಈ ರೇಖೆ ಒಂದು ಸಮುದಾಯದ ಸರಾಸರಿಯನ್ನು ತಿಳಿಸುವುದೇ ಹೊರತು ಒಬ್ಬ ವ್ಯಕ್ತಿಯ ಭವಿಷ್ಯವನ್ನು ತಿಳಿಸಲಾರದು. ಆದರೂ ಅದರಿಂದ ಒಂದು ವ್ಯಾವಹಾರಿಕ ಪಾಠ ದೊರೆಯುತ್ತದೆ: ಮೊದಲ ತೊಂಬತ್ತು ದಿನಗಳಲ್ಲಿ ಮನೆಯವರು ಮದುವೆ ಮುಂಜಿಗಳ ನೂಕುನುಗ್ಗಲಿಗಾಗಲಿ, ಆಸ್ತಿಪಾಲಿನಂತಹ ದೊಡ್ಡ ನಿರ್ಣಯಗಳಿಗಾಗಲಿ ಕೈಹಾಕದಿರುವುದು ಒಳ್ಳೆಯದು.

ಮನೆಯ ತಕ್ಕಡಿ

ಇಲ್ಲಿಯವರೆಗೆ ಹೇಳಿದ್ದು ಚಿಕಿತ್ಸೆ ಪಡೆದವರ ಮಿದುಳಿನ ವಿಷಯ. ಚಿಕಿತ್ಸೆಗೆ ಹೋಗದೆ ಮನೆಯಲ್ಲಿ ಉಳಿದವರ ಗತಿಯೇನು?

ಮಿದುಳು ಹೇಗೋ ಮನೆಯೂ ಹಾಗೆಯೇ ಮದ್ಯಕ್ಕೆ ಎದುರಾಗಿ ಕಲ್ಲುಗಳನ್ನು ಪೇರಿಸಿರುತ್ತದೆ. ನಮ್ಮ ಮನೆಯನ್ನೇ ಹೇಳುವುದಾದರೆ, ಬೀರುವಿನ ಬೀಗದ ಕೈ ಏಳು ವರ್ಷಗಳಿಂದ ನನ್ನ ಕೈಚೀಲದಲ್ಲಿತ್ತು. ಬ್ಯಾಂಕಿನ ವ್ಯವಹಾರ, ಮಗಳ ಶಾಲೆಯ ಫೀಜು, ಅತ್ತೆಯವರ ಔಷಧಿ ಎಲ್ಲವೂ ನನ್ನವೇ. ಐದನೆಯ ತರಗತಿಯ ಮಗಳು, ಸ್ಕೂಟರಿನ ಸ್ಟ್ಯಾಂಡು ಹಾಕುವ ಸದ್ದಿನಿಂದಲೇ ಆ ಸಂಜೆ ಹೇಗಿರುವುದೆಂದು ಅಳೆದು, ಪುಸ್ತಕಗಳನ್ನೆತ್ತಿಕೊಂಡು ಅಜ್ಜಿಯ ಕೋಣೆಗೆ ಹೋಗುವುದನ್ನು ಕಲಿತಿದ್ದಳು. ಅತ್ತೆಯವರು ನೆಂಟರಿಷ್ಟರ ಮುಂದೆ ‘ಅವನಿಗೆ ಮೈಗೆ ಸರಿಯಿಲ್ಲ’ ಎಂಬ ಮಾತನ್ನು ಸಿದ್ಧವಾಗಿಟ್ಟುಕೊಂಡಿದ್ದರು. ಹೀಗೆ ವಾಲಿದ ಮನೆಯನ್ನು ನಾವು ಮೂವರೂ ಸೇರಿ ಸಮನಾಗಿ ನಿಲ್ಲಿಸಿದ್ದೆವು.

ಒಂದು ದಿನ ಆ ಭಾರ ಹೋಯಿತು. ತಂತಿಯ ಸುರುಳಿಯಲ್ಲಿ ವಿದ್ಯುತ್ತನ್ನು ನಿಲ್ಲಿಸಿದ ಮೇಲೂ ಒಳಗಿನ ಉಕ್ಕಿನ ಸರಳಿನಲ್ಲಿ ಕಾಂತತ್ವ ಉಳಿದಿರುವಂತೆ, ಕಾರಣ ಹೋದರೂ ನಮ್ಮ ರೂಢಿಗಳು ಹೋಗಲಿಲ್ಲ. ಎರಡನೆಯ ವಾರದಲ್ಲಿ ಅವರು, “ಬ್ಯಾಂಕಿನ ಪಾಸ್‌ಬುಕ್ಕು ಎಲ್ಲಿಟ್ಟಿದ್ದೀಯೆ? ವಿದ್ಯುತ್ತಿನ ಬಿಲ್ಲು ನಾನೇ ಕಟ್ಟಿಬರುತ್ತೇನೆ” ಎಂದರು. “ಅದರ ಯೋಚನೆ ನಿಮಗೆ ಬೇಡ” ಎಂದು ನಾನು ತಿರುಗಿ ನೋಡದೆ ಹೇಳಿದೆ. ಅವರು ಆ ರಾತ್ರಿ ಊಟ ಮಾಡಲಿಲ್ಲ. ಕುಡಿಯುತ್ತಿದ್ದ ಕಾಲದಲ್ಲಿ ನಡೆಯದಂತಹ ಜಗಳಗಳು ಕುಡಿತ ಬಿಟ್ಟ ಮೇಲೆ ನಮ್ಮಲ್ಲಿ ನಡೆದುವು.

ಇದು ನಮ್ಮ ಮನೆಯ ವೈಚಿತ್ರ್ಯವೆಂದೇ ನಾನು ಭಾವಿಸಿದ್ದೆ. ಆದರೆ ಅಮೆರಿಕದ ಸಿಯಾಟಲ್ ನಗರದಲ್ಲಿ ಜೋನ್ ಜ್ಯಾಕ್ಸನ್ ಎಂಬ ಸಮಾಜಶಾಸ್ತ್ರಜ್ಞೆ ಕುಡುಕರ ಹೆಂಡಂದಿರ ಕೂಟವೊಂದರಲ್ಲಿ ಅವರ ಅನುಭವಗಳನ್ನು ಬಹುಕಾಲ ಕೇಳಿ, 1954ರಲ್ಲಿಯೇ ಒಂದು ಪ್ರಬಂಧವನ್ನು ಪ್ರಕಟಿಸಿದ್ದರು. ಕುಟುಂಬವು ಈ ಸಂಕಟಕ್ಕೆ ಹೊಂದಿಕೊಳ್ಳುವುದನ್ನು ಅವರು ಏಳು ಹಂತಗಳಾಗಿ ವಿಂಗಡಿಸಿದರು. ಮೊದಲು ಸಂಗತಿಯನ್ನೇ ಅಲ್ಲಗಳೆಯುವುದು, ಮುಂದೆ ಮುಚ್ಚಿಡುವುದು, ಆಮೇಲೆ ಹೆಂಡತಿಯೇ ಮನೆಯ ಭಾರವನ್ನೆಲ್ಲ ಹೊರುವುದು, ಹೀಗೆ ಸಾಗಿ ಏಳನೆಯ ಹಂತದಲ್ಲಿ, ಗಂಡನು ಕುಡಿತ ಬಿಟ್ಟಾಗ, ಮನೆಯನ್ನು ಪುನಃ ಕಟ್ಟಬೇಕಾಗುತ್ತದೆ. ತನ್ನ ಸ್ಥಾನ ಒಡನೆಯೇ ತನಗೆ ಮರಳಬೇಕೆಂದು ಗಂಡನು ನಿರೀಕ್ಷಿಸುತ್ತಾನೆ. ಹೊತ್ತ ಭಾರವನ್ನು ಇಳಿಸಲು ಹೆಂಡತಿ ಹೆದರುತ್ತಾಳೆ. ಮಕ್ಕಳು ಯಾರ ಮಾತು ಕೇಳಬೇಕೆಂದು ತಿಳಿಯದೆ ತಬ್ಬಿಬ್ಬಾಗುತ್ತಾರೆ. ಎಪ್ಪತ್ತು ವರ್ಷಗಳ ಹಿಂದೆ, ಭೂಮಿಯ ಇನ್ನೊಂದು ಪಾರ್ಶ್ವದಲ್ಲಿ, ನಮ್ಮ ಅಡುಗೆಮನೆಯ ಮಾತುಗಳನ್ನು ಯಾರೋ ಬರೆದಿಟ್ಟಿದ್ದರು! ನಮ್ಮ ದೇಶದಲ್ಲಿಯೂ, 1980ರಲ್ಲಿ ಶಾಂತಿ ರಂಗನಾಥನ್ ಅವರು ಚೆನ್ನೈಯಲ್ಲಿ ಸ್ಥಾಪಿಸಿದ ಚಿಕಿತ್ಸಾಲಯದಂತಹ ಸಂಸ್ಥೆಗಳು ರೋಗಿಯೊಡನೆ ಕುಟುಂಬದವರಿಗೂ ಶಿಕ್ಷಣ ಕೊಡುತ್ತ ಬಂದಿವೆ.

ಕಲ್ಲುಗಳನ್ನು ಒಮ್ಮೆಗೇ ಎತ್ತುವುದು ಮಿದುಳಿಗೆ ಹೇಗೆ ಅಪಾಯವೋ ಮನೆಗೂ ಹಾಗೆಯೇ. ನಾವು ಒಂದೊಂದಾಗಿ ಎತ್ತಿದೆವು. ಮೊದಲ ತಿಂಗಳು ವಿದ್ಯುತ್ತಿನ ಬಿಲ್ಲು, ಮುಂದಿನ ತಿಂಗಳು ದಿನಸಿಯ ಲೆಕ್ಕ, ಆಮೇಲೆ ಮಗಳ ಶಾಲೆಯ ಸಭೆ. ಸಂಬಳದ ಹಣವನ್ನು ಮಾತ್ರ ತಮ್ಮ ಕೈಗೆ ಕೊಡಬೇಡವೆಂದು ಅವರೇ ಹೇಳಿದರು.

ಅಳತೆ ಮತ್ತು ಅಳೆಯುವವರು

ಪ್ರಯೋಗಶಾಲೆಯಲ್ಲಿ ನಾನು ವಿದ್ಯಾರ್ಥಿಗಳಿಗೆ ಹೇಳುವ ಒಂದು ಮಾತಿದೆ. ಸಣ್ಣ ಬಟ್ಟಲಿನಲ್ಲಿರುವ ಬಿಸಿನೀರಿಗೆ ದೊಡ್ಡ ಉಷ್ಣಮಾಪಕವನ್ನು ಅದ್ದಬೇಡಿ. ಉಷ್ಣಮಾಪಕವೇ ನೀರಿನ ಶಾಖವನ್ನು ಹೀರಿಕೊಳ್ಳುವುದರಿಂದ, ನೀವು ಓದುವ ಅಂಕಿ ನೀರಿನ ಮೊದಲಿನ ಉಷ್ಣತೆಯಾಗಿರುವುದಿಲ್ಲ. ಅಳತೆಯೇ ವಸ್ತುವನ್ನು ಬದಲಿಸಿರುತ್ತದೆ.

ಮೊದಲ ತಿಂಗಳು ನಾನು ಅಂತಹ ಉಷ್ಣಮಾಪಕವಾಗಿದ್ದೆ. ಅವರು ಹೊರಗಿನಿಂದ ಬಂದೊಡನೆ ಹತ್ತಿರ ಹೋಗಿ ಉಸಿರನ್ನು ಮೂಸುತ್ತಿದ್ದೆ. ಸ್ನಾನಕ್ಕೆ ಹೋದಾಗ ಜೇಬನ್ನು ನೋಡುತ್ತಿದ್ದೆ. ಹತ್ತು ನಿಮಿಷ ತಡವಾದರೆ ಮೂರು ಬಾರಿ ಫೋನು ಮಾಡುತ್ತಿದ್ದೆ. ಹೀಗೆ ಪತ್ತೆಯಾದದ್ದು ಏನೂ ಇಲ್ಲ. ಅವರು ಮಾತನ್ನು ಕಡಿಮೆ ಮಾಡಿ ಮನೆಗೆ ತಡವಾಗಿ ಬರತೊಡಗಿದರು. ಅದನ್ನು ಕಂಡು ನನ್ನ ಸಂಶಯ ಮತ್ತಷ್ಟು ಬೆಳೆಯಿತು.

1998ರಲ್ಲಿ ಅಮೆರಿಕದ ಟಿಮೊಥಿ ಓಫ್ಯಾರೆಲ್ ಮತ್ತು ಸಂಗಡಿಗರು ಚಿಕಿತ್ಸೆ ಪಡೆದ ಮದ್ಯವ್ಯಸನಿಗಳನ್ನೂ ಅವರ ಸಂಗಾತಿಗಳನ್ನೂ ಪರೀಕ್ಷಿಸಿ, ಹೆಚ್ಚಾಗಿ ಟೀಕಿಸುವ, ಹಗೆತನವನ್ನು ಹೊರಗೆಡಹುವ ಸಂಗಾತಿಗಳಿದ್ದೆಡೆ ರೋಗಿಗಳು ಬೇಗ ಕುಡಿತಕ್ಕೆ ಮರಳಿದರೆಂದು ವರದಿ ಮಾಡಿದರು. ಇದರಿಂದ ಮರಳಿದ್ದಕ್ಕೆ ಹೆಂಡತಿಯೇ ಹೊಣೆಯೆಂದು ತೀರ್ಮಾನಿಸುವುದು ತಪ್ಪು. ಹೆಚ್ಚು ಕಷ್ಟ ಕೊಟ್ಟವನ ಹೆಂಡತಿಯೇ ಹೆಚ್ಚು ಸಿಟ್ಟಾಗಿರಬಹುದಲ್ಲವೆ? ಎರಡು ಸಂಗತಿಗಳು ಜೊತೆಯಾಗಿ ಕಂಡ ಮಾತ್ರಕ್ಕೆ ಒಂದು ಇನ್ನೊಂದರ ಕಾರಣವಾಗದು. ಆದರೆ ಓಫ್ಯಾರೆಲ್ ಮುಂತಾದವರು ರೂಪಿಸಿದ ದಂಪತಿ ಚಿಕಿತ್ಸೆಯಲ್ಲಿ ಸಣ್ಣ ಉಷ್ಣಮಾಪಕವೊಂದಿದೆ. ನಮ್ಮ ಚಿಕಿತ್ಸಾಲಯದ ಸಲಹೆಗಾರ್ತಿಯೂ ಅದನ್ನೇ ಕಲಿಸಿದರು.

ದಿನಕ್ಕೊಮ್ಮೆ, ಗೊತ್ತಾದ ಹೊತ್ತಿನಲ್ಲಿ, ಇಬ್ಬರೂ ಎದುರು ಬದುರಾಗಿ ಕುಳಿತುಕೊಳ್ಳಬೇಕು. ಅವರು ಹೇಳಬೇಕು: “ನಿನ್ನೆ ಈ ಹೊತ್ತಿನಿಂದ ನಾನು ಕುಡಿದಿಲ್ಲ. ನಾಳೆ ಈ ಹೊತ್ತಿನವರೆಗೆ ಕುಡಿಯಬಾರದೆಂದಿದ್ದೇನೆ.” ನಾನು ಹೇಳಬೇಕು: “ಸಂತೋಷ. ನನ್ನಿಂದ ಏನಾದರೂ ಆಗಬೇಕೆ?” ಇಷ್ಟೆ. ಹಳೆಯ ಕುಡಿತದ ಮಾತನ್ನಾಗಲಿ, ಮುಂದೆ ಏನಾದೀತೆಂಬ ಭಯವನ್ನಾಗಲಿ ಆಗ ಎತ್ತಬಾರದು. ವೈದ್ಯರು ಮಾತ್ರೆ ಕೊಟ್ಟಿದ್ದರೆ ಆ ಹೊತ್ತಿನಲ್ಲಿಯೇ ನುಂಗಬೇಕು. ಪಂಚಾಂಗದಲ್ಲಿ ಆ ದಿನದ ಮೇಲೆ ಒಂದು ಗುರುತು ಹಾಕಬೇಕು. ದಿನದ ಉಳಿದ ಹೊತ್ತಿನಲ್ಲಿ ನಾನು ಮೂಸುವಂತಿಲ್ಲ, ಜೇಬು ನೋಡುವಂತಿಲ್ಲ.

ನಾನು ಇದನ್ನು ನಾಟಕವೆಂದು ಹೀಗಳೆದಿದ್ದೆ. ಬೆಳಗ್ಗೆ ಕಾಫಿಯ ಹೊತ್ತಿನಲ್ಲಿ ಅವರು ಮೊದಲ ಬಾರಿಗೆ ಆ ವಾಕ್ಯವನ್ನು ಹೇಳುವಾಗ ಧ್ವನಿ ನಡುಗಿತು. ನನಗೂ ‘ಸಂತೋಷ’ ಎಂಬ ಮಾತು ಬಾಯಿಂದ ಹೊರಡಲು ಕಷ್ಟವಾಯಿತು. ಮೂರು ವಾರಗಳ ಮೇಲೆ ನನ್ನಲ್ಲಾದ ಬದಲಾವಣೆ ನನಗೇ ತಿಳಿಯಿತು: ಸಂಜೆ ಸ್ಕೂಟರಿನ ಸದ್ದಿಗೆ ಕಿವಿಗೊಟ್ಟು ನಿಲ್ಲುವುದನ್ನು ನಾನು ಮರೆತಿದ್ದೆ.

ಗುಟ್ಟಿನ ಪುಡಿಗಳು

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ‘ಕುಡಿಯುವವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ ಕೊಡಿ’ ಎಂಬ ಜಾಹೀರಾತುಗಳನ್ನು ನೀವು ನೋಡಿರಬಹುದು. ನಮ್ಮ ಅತ್ತೆಯವರೂ ಯಾರೋ ಹೇಳಿದರೆಂದು ಅಂತಹ ಪುಡಿಯ ಪೊಟ್ಟಣವೊಂದನ್ನು ಹಿಂದೆ ತರಿಸಿದ್ದರು. ಅದರಲ್ಲಿ ಏನಿತ್ತೋ ತಿಳಿಯದು, ಉಪಯೋಗಿಸದೆ ಎಸೆದೆವು.

ಕುಡಿತ ಬಿಟ್ಟವರಿಗೆ ವೈದ್ಯರು ಕೊಡುವ ಔಷಧಿಗಳಲ್ಲಿ ಡೈಸಲ್ಫಿರಾಮ್ ಒಂದು. ಡೆನ್ಮಾರ್ಕಿನ ಯೆನ್ಸ್ ಹಾಲ್ಡ್ ಮತ್ತು ಎರಿಕ್ ಯಾಕಬ್ಸನ್ ಇದನ್ನು ಹೊಟ್ಟೆಯ ಹುಳುವಿನ ಔಷಧಿಯಾದೀತೆಂದು ತಾವೇ ಸೇವಿಸಿ ಪರೀಕ್ಷಿಸುತ್ತಿದ್ದಾಗ, ಮದ್ಯ ಕುಡಿದೊಡನೆ ತಮಗೆ ಅಸ್ವಸ್ಥತೆಯಾಗುವುದನ್ನು ಗಮನಿಸಿ, 1948ರಲ್ಲಿ ಆ ವಿಷಯವನ್ನು ಪ್ರಕಟಿಸಿದರು. ಮೇಲೆ ಹೇಳಿದ ಎರಡನೆಯ ಕಿಣ್ವವನ್ನು ಇದು ತಡೆಯುತ್ತದೆ. ಆಗ ಕುಡಿದರೆ ಅಸಿಟಾಲ್ಡಿಹೈಡ್ ದೇಹದಲ್ಲಿ ಶೇಖರವಾಗಿ ಮುಖ ಕೆಂಪೇರುತ್ತದೆ, ವಾಂತಿಯಾಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಸಾವು ಕೂಡ ಸಂಭವಿಸಬಹುದು. ತಾನು ಇದನ್ನು ಸೇವಿಸಿರುವೆನೆಂದು ತಿಳಿದವನು ಕುಡಿಯಲು ಹಿಂಜರಿಯುತ್ತಾನೆ. ಔಷಧಿ ಕೆಲಸಮಾಡುವುದು ಈ ತಿಳಿವಿನ ಮೂಲಕವೇ. ತಿಳಿಯದಂತೆ ಕೊಟ್ಟರೆ ಆ ತಡೆ ಇಲ್ಲವಾಗಿ ಅಪಾಯವೊಂದೇ ಉಳಿಯುತ್ತದೆ. ಕುಡಿಯುವ ಹಂಬಲವನ್ನು ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಎಂಬ ಬೇರೆ ಔಷಧಿಗಳೂ ಇವೆ. ಯಾವುದು ಯಾರಿಗೆ ಎಂಬುದನ್ನು ಯಕೃತ್ತು, ಮೂತ್ರಪಿಂಡಗಳ ಸ್ಥಿತಿ ನೋಡಿ ವೈದ್ಯರೇ ನಿರ್ಧರಿಸಬೇಕು.

ಗುರುತಿಲ್ಲದ ದಿನ

ನಮ್ಮ ಪಂಚಾಂಗದಲ್ಲಿ ಸೆಪ್ಟೆಂಬರ್ ತಿಂಗಳ ಒಂದು ಶನಿವಾರ ಗುರುತಿಲ್ಲದೆ ಉಳಿದಿದೆ. ಕಛೇರಿಯಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರಿಗೆ ನಿವೃತ್ತಿಯ ಬೀಳ್ಕೊಡುಗೆ ಇತ್ತು. ಅವರು ರಾತ್ರಿ ಹನ್ನೊಂದಕ್ಕೆ ಬಂದರು. ಮೂಸುವ ಅಗತ್ಯವಿರಲಿಲ್ಲ. ಮಗಳು ಪುಸ್ತಕಗಳನ್ನೆತ್ತಿಕೊಂಡು ಅಜ್ಜಿಯ ಕೋಣೆಗೆ ಹೋದಳು. ಆ ರಾತ್ರಿ ನಾನು ತವರಿಗೆ ಹೋಗಲು ಪೆಟ್ಟಿಗೆಯನ್ನು ಕಟ್ಟಿದೆ.

ಬೆಳಗ್ಗೆ ಕಾಫಿಯ ಹೊತ್ತಿಗೆ ಅವರು ಎಂದಿನ ಜಾಗದಲ್ಲಿ ಬಂದು ಕುಳಿತರು. “ನಿನ್ನೆ ಕುಡಿದೆ” ಎಂದರು. ಬಹಳ ಹೊತ್ತು ಬಿಟ್ಟು, “ನಾಳೆಯವರೆಗೆ ಕುಡಿಯುವುದಿಲ್ಲ” ಎಂದರು. ಏಳು ವರ್ಷಗಳಲ್ಲಿ ಒಮ್ಮೆಯೂ ನಾನು ಕೇಳದೆ ಅವರು ಮೊದಲನೆಯ ಮಾತನ್ನು ಹೇಳಿದವರಲ್ಲ.

ಆ ದಿನವೇ ಇಬ್ಬರೂ ಚಿಕಿತ್ಸಾಲಯಕ್ಕೆ ಹೋದೆವು. ಒಮ್ಮೆ ಜಾರುವುದಕ್ಕೂ ಪೂರ್ತಿ ಬಿದ್ದುಹೋಗುವುದಕ್ಕೂ ಇರುವ ಅಂತರವನ್ನು ಅಲ್ಲಿ ವಿವರಿಸಿದರು. ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಇದನ್ನು ವಿಶೇಷವಾಗಿ ಅಭ್ಯಸಿಸಿದ್ದರು. ಒಂದು ಬಟ್ಟಲು ಕುಡಿದವನು, ‘ವ್ರತ ಹೇಗೂ ಕೆಟ್ಟಿತು, ನಾನು ಇಷ್ಟರವನೇ’ ಎಂದು ಹತಾಶನಾದರೆ, ಮೊದಲ ಬಟ್ಟಲಿಗಿಂತ ಆ ಹತಾಶೆಯೇ ಅವನನ್ನು ಮತ್ತೆ ಹಳೆಯ ಹಳ್ಳಕ್ಕೆ ತಳ್ಳುತ್ತದೆ. ಮನೆಯವರೂ ಅದೇ ಮಾತನ್ನು ಹೇಳಿದರೆ ತಳ್ಳುವ ಕೈಗಳು ಹೆಚ್ಚುತ್ತವೆ. ಎಲ್ಲಿ, ಯಾರೊಡನೆ, ಯಾವ ಗಳಿಗೆಯಲ್ಲಿ ಜಾರಿದೆನೆಂದು ಪ್ರಯೋಗದ ದೋಷವನ್ನು ಹುಡುಕುವಂತೆ ಹುಡುಕಿ, ಆ ದಿನವೇ ವೈದ್ಯರನ್ನು ಕಾಣುವುದು ಸರಿಯಾದ ಮಾರ್ಗ.

ಹಾಗೆಂದು ಎಲ್ಲವನ್ನೂ ಸಹಿಸಬೇಕೆಂದು ನಾನು ಹೇಳುತ್ತಿಲ್ಲ. ಹೊಡೆತ ಬಡಿತಗಳಿರುವ ಮನೆಯಲ್ಲಿ ಮೊದಲ ಕರ್ತವ್ಯ ಹೆಂಡತಿ ಮಕ್ಕಳ ರಕ್ಷಣೆ. ಚಿಕಿತ್ಸೆಯ ಮಾತು ಆಮೇಲೆ. ನನ್ನ ಪೆಟ್ಟಿಗೆಯನ್ನು ನಾನು ಬಿಚ್ಚಿದ್ದು ನಾಲ್ಕು ದಿನಗಳ ಮೇಲೆ. ಇನ್ನೊಬ್ಬಳು ಬಿಚ್ಚದೆ ಹೊರಟರೆ ಅವಳನ್ನು ತಪ್ಪೆನ್ನಲು ನನಗೆ ಅಧಿಕಾರವಿಲ್ಲ.

ವಿದ್ಯಾರ್ಥಿಗಳಿಗೆ ಒಂದು ಮಾತು

ನಿಮ್ಮಲ್ಲಿ ಯಾರ ತಂದೆಯವರಾದರೂ, ಅಣ್ಣನಾದರೂ ಹೀಗೆ ಮನೆಗೆ ಬಂದಿದ್ದರೆ, ಅಥವಾ ಇನ್ನೂ ಚಿಕಿತ್ಸೆಗೇ ಹೋಗದಿದ್ದರೆ, ಈ ಕೆಲವು ಸಂಗತಿಗಳನ್ನು ನೆನಪಿನಲ್ಲಿಡಿ. ಅವರು ಕುಡಿದದ್ದು ನಿಮ್ಮ ಅಂಕಗಳಿಂದಲ್ಲ, ನಿಮ್ಮ ನಡತೆಯಿಂದಲೂ ಅಲ್ಲ. ಅವರು ಮತ್ತೆ ಜಾರಿದರೆ ಅದನ್ನು ತಡೆಯುವ ಹೊಣೆ ನಿಮ್ಮದಲ್ಲ. ನೀವು ಅವರ ಕಾವಲುಗಾರರಾಗಬೇಡಿ. ಮೊದಲ ತಿಂಗಳುಗಳ ಸಿಡುಕು ಮತ್ತು ಮೌನಗಳನ್ನು ಚಿಕಿತ್ಸೆ ವಿಫಲವಾಯಿತೆಂಬುದಕ್ಕೆ ಸಾಕ್ಷಿಯಾಗಿ ತೆಗೆದುಕೊಳ್ಳಬೇಡಿ. ತಕ್ಕಡಿ ನೆಟ್ಟಗಾಗಲು ಹೊತ್ತು ಬೇಕು. ನಿಮಗೆ ಅವರ ಮೇಲೆ ಸಿಟ್ಟಿದ್ದರೆ ಅದನ್ನು ಪಾಪವೆಂದು ತಿಳಿಯಬೇಡಿ. ನಂಬಬಹುದಾದ ಒಬ್ಬ ಉಪಾಧ್ಯಾಯರಿಗಾಗಲಿ, ಬಂಧುವಿಗಾಗಲಿ ವಿಷಯವನ್ನು ತಿಳಿಸಿ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನಚಿಕಿತ್ಸೆಗೆಂದೇ ಕೇಂದ್ರವಿದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರನ್ನು ಕಾಣಬಹುದು. ಟೆಲಿ ಮಾನಸ್ ಎಂಬ ಸರ್ಕಾರಿ ಸೇವೆಯ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ. ವ್ಯಸನದ ವಿಷಯಕ್ಕೆ 14446, ಮಕ್ಕಳಿಗೆ 1098, ಮಹಿಳೆಯರಿಗೆ 181 ಸಂಖ್ಯೆಗಳಿವೆ. 1935ರಲ್ಲಿ ಅಮೆರಿಕದಲ್ಲಿ ಆರಂಭವಾದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಕೂಟಗಳು ನಮ್ಮ ಅನೇಕ ಊರುಗಳಲ್ಲಿಯೂ ಸೇರುತ್ತವೆ. ಮನೆಯವರಿಗಾಗಿ 1951ರಲ್ಲಿ ಹುಟ್ಟಿದ ‘ಅಲ್-ಅನಾನ್’ ಕೂಟಗಳೂ ಉಂಟು.

ಸೆಪ್ಟೆಂಬರಿನ ಆ ಶನಿವಾರದಿಂದ ಈಚೆಗೆ ನಮ್ಮ ಪಂಚಾಂಗದಲ್ಲಿ ಬಿಟ್ಟುಹೋದ ದಿನವಿಲ್ಲ. ಮುಂದೆ ಇರುವುದೋ ಇಲ್ಲವೋ ಹೇಳಲಾರೆ. ಅವರು ಕೊಡುವ ಮಾತೂ ಮರುದಿನದ ಕಾಫಿಯವರೆಗಿನದು ಮಾತ್ರ. ಕಳೆದ ವಾರ ಬೀರುವಿನ ಬೀಗದ ಕೈಯನ್ನು ಕೈಚೀಲದಿಂದ ತೆಗೆದು ಅಡುಗೆಮನೆಯ ಮೊಳೆಗೆ ತಗುಲಿಹಾಕಿದ್ದೇನೆ. ಅವರು ಅದನ್ನು ನೋಡಿದರು, ಏನೂ ಹೇಳಲಿಲ್ಲ. ಸಂಜೆ ಮಗಳನ್ನು ಕರೆದುಕೊಂಡು ಕೆರೆಯ ಏರಿಯ ಕಡೆಗೆ ಹೊರಟರು.